ಡಿಸ್ಕ್ ಇಲ್ಲದ ಯಂತ್ರಗಳು ಬೂಟ್ ಆಗುವಾಗ ಅರ್ಧದಾರಿಯಲ್ಲಿ ನಿಲ್ಲುತ್ತಿವೆ, ಎಲ್ಲಿಂದ ಹುಡುಕಲಿ?

ತುಂಗಾತೀರ · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಟೀಚರ್ ನಾನು. ನಮ್ಮ ಲ್ಯಾಬಿನ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುವುದು ನಿಮಗೂ ಗೊತ್ತು. ಹಾಗಾದಾಗಲೆಲ್ಲ ಒಂದೆರಡು ಡಿಸ್ಕಿನ ಫೈಲ್ ಸಿಸ್ಟಂ ಕೆಟ್ಟು ಕೂರುತ್ತಿತ್ತು. ಅದಕ್ಕೇ ಡಿಸ್ಕ್‌ಗಳನ್ನು ಬಿಚ್ಚಿಟ್ಟು, ಯುಪಿಎಸ್ ಮೇಲೆ ಒಂದು ಡೆಬಿಯನ್ ಲಿನಕ್ಸ್ ಸರ್ವರ್ ಇಟ್ಟು, ಉಳಿದವೆಲ್ಲ ನೆಟ್‌ವರ್ಕ್ ಮೂಲಕವೇ ಬೂಟ್ ಆಗುವ ಹಾಗೆ ಮಾಡಿದ್ದೆವು. ಯಂತ್ರಗಳಿಗೆ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ, ಬೂಟ್ ಫೈಲ್ ಕಳಿಸುವ ಟಿಎಫ್‌ಟಿಪಿ, ಸರ್ವರಿನ ಫೋಲ್ಡರನ್ನು ಯಂತ್ರಕ್ಕೆ ಡಿಸ್ಕಿನ ಹಾಗೆ ಒದಗಿಸುವ ಎನ್‌ಎಫ್‌ಎಸ್ ಮೂರೂ ಆ ಸರ್ವರಿನಲ್ಲೇ ಇವೆ. ಚೆನ್ನಾಗಿ ನಡೆದುಕೊಂಡು ಬಂದಿತ್ತು.

ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ನೆಟ್‌ವರ್ಕ್ ಸ್ವಿಚ್ ಸುಟ್ಟುಹೋಯಿತು. ಊರಿನ ದಾನಿಯೊಬ್ಬರು ಹೊಸ ಸ್ವಿಚ್ ಕೊಡಿಸಿದರು. ಶಾಲೆ ಶುರುವಾದ ಮೇಲೆ ಲ್ಯಾಬ್ ತೆರೆದರೆ ಕೆಲವು ಯಂತ್ರ ಎಂದಿನಂತೆ ಏಳುತ್ತವೆ, ಕೆಲವು ಪಿಎಕ್ಸ್‌ಇ-ಇ51 (ಪಿಎಕ್ಸ್‌ಇ ಎಂದರೆ ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ವ್ಯವಸ್ಥೆ) ಎಂದು ತೋರಿಸಿ ನಿಲ್ಲುತ್ತವೆ, ಇನ್ನು ಕೆಲವು ಪಿಎಕ್ಸ್‌ಇ-ಇ53 ಎನ್ನುತ್ತವೆ. ಒಂದೆರಡು ಮಾತ್ರ ಲಿನಕ್ಸಿನ ತಿರುಳಾದ ಕರ್ನಲ್ ತನಕ ಬಂದು, ಪರದೆ ತುಂಬ ಸಾಲು ಹರಿಸಿ, ರೂಟ್ ಫೈಲ್ ಸಿಸ್ಟಂ (ಓಎಸ್‌ನ ಫೈಲ್‌ಗಳೆಲ್ಲ ಇರುವ ಜಾಗ) ಮೌಂಟ್ ಆಗದೆ, ಅಂದರೆ ಜೋಡಣೆಯಾಗದೆ, ನಿಂತುಬಿಡುತ್ತವೆ. ಇವತ್ತು ನಿಂತದ್ದರಲ್ಲಿ ಕೆಲವು ನಾಳೆ ತಾವಾಗಿಯೇ ಸರಿಹೋಗುತ್ತವೆ. ಸರ್ವರ್ ಕೆಟ್ಟಿದೆ ಎನ್ನೋಣವೆಂದರೆ ಎದ್ದ ಯಂತ್ರಗಳಲ್ಲಿ ಮಕ್ಕಳು ಕನ್ನಡ ಟೈಪಿಂಗ್ ಮಾಡುತ್ತಾ ಕೂತಿರುತ್ತಾರೆ.

ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಿ ಎಂದು ಒಬ್ಬರು ಹೇಳಿದರು. ನನಗದು ಸರಿ ಕಾಣಲಿಲ್ಲ. ಕಾರಣ ಗೊತ್ತಾಗದೆ ಮತ್ತೆ ಕಟ್ಟಿದರೆ ಮುಂದಿನ ಸಲವೂ ಇದೇ ಕಷ್ಟ. ಎಲ್ಲಿಂದ ಹುಡುಕಲು ಶುರು ಮಾಡಲಿ?

ದುರ್ಗಿಗುಡಿ · ಸೋಮವಾರ, ರಾತ್ರಿ 9:40

ಮೇಡಂ, ಎರಡು ವಿಷಯ ಹೇಳಿ. ಹೊಸ ಸ್ವಿಚ್ ಮಾಮೂಲಿಯದೋ, ಬ್ರೌಸರಿನಲ್ಲಿ ಒಳಹೊಕ್ಕು ಸೆಟ್ಟಿಂಗ್ ಮಾಡಬಹುದಾದ ಮ್ಯಾನೇಜ್ಡ್ ಸ್ವಿಚ್ಚೋ? ಮತ್ತೆ, ಇ51 ಬರುವ ಯಂತ್ರ ಯಾವತ್ತೂ ಅವೇನಾ ಅಥವಾ ದಿನಾ ಬೇರೆ ಬೇರೆಯಾ? ರೀಇನ್‌ಸ್ಟಾಲ್ ಮಾತ್ರ ಖಂಡಿತ ಬೇಡ.

ವರದಾಮೂಲ · ಸೋಮವಾರ, ರಾತ್ರಿ 10:55

ಟೀಚರ್, ನಾನೀಗ ಸಾಗರದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮೊದಲು ಬೆಂಗಳೂರಿನಲ್ಲಿ ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳ ಉಸ್ತುವಾರಿ ನನ್ನದಾಗಿತ್ತು. ಡಿಸ್ಕಿನ ಬೆಲೆ ಕೈಗೆ ಸಿಗದಿದ್ದ ಆ ಕಾಲದಲ್ಲಿ ಒಂದು ದೊಡ್ಡ ಸರ್ವರಿನ ಬೆನ್ನಿಗೆ ಹಲವು ಡಿಸ್ಕ್‌ಲೆಸ್ ಯಂತ್ರ ಕಟ್ಟುವುದೇ ವಾಡಿಕೆ. ನಿಮ್ಮ ಯಂತ್ರಗಳು ಮಾಡುವುದೂ ಅದೇ ಕೆಲಸ, ಪ್ರೋಟೋಕಾಲಿನ ಹೆಸರು ಮಾತ್ರ ಬೇರೆ. ಹಳೆಯ ಕ್ರಮ ತಿಳಿದರೆ ನಿಮ್ಮ ಸಮಸ್ಯೆಯ ಜಾಗ ಹಿಡಿಯುವುದು ಸುಲಭ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡಿಸ್ಕ್ ಇಲ್ಲದ ಯಂತ್ರಕ್ಕೆ ಪವರ್ ಕೊಟ್ಟ ಕ್ಷಣದಲ್ಲಿ ಅದಕ್ಕೆ ಗೊತ್ತಿರುವುದು ತನ್ನ ಈಥರ್ನೆಟ್ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರದ ಗುರುತಿನ ಸಂಖ್ಯೆ) ಒಂದೇ. ತನ್ನ ಐಪಿ ಗೊತ್ತಿಲ್ಲ, ಸರ್ವರ್ ಯಾರೆಂದೂ ಗೊತ್ತಿಲ್ಲ. ಹೊಸ ಊರಿಗೆ ಬಂದವರು ಬಸ್ಸಿಳಿದು, ನಿಲ್ದಾಣದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ವಿಳಾಸ ವಿಚಾರಿಸುತ್ತಾರಲ್ಲ, ಹಾಗೆ ಅದು ಇಡೀ ನೆಟ್‌ವರ್ಕಿಗೆ ಬ್ರಾಡ್‌ಕಾಸ್ಟ್ ಕಳಿಸುತ್ತದೆ. ಸನ್-3 ಯಂತ್ರಗಳ ಕಾಲದಲ್ಲಿ ಈ ಮೊದಲ ಪ್ರಶ್ನೆ ಆರ್‌ಎಆರ್‌ಪಿ, ಅಂದರೆ ಈಥರ್ನೆಟ್ ವಿಳಾಸ ಹೇಳಿ ಐಪಿ ಕೇಳುವುದು. 1984ರ ಆರ್‌ಎಫ್‌ಸಿ 903 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಅದರ ವಿವರಣೆ ಇದೆ. ಸರ್ವರಿನ ಆರ್‌ಎಆರ್‌ಪಿ ಡೀಮನ್ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ) ಮೊದಲು ಈಥರ್ಸ್ ಫೈಲ್ ನೋಡಿ ಈಥರ್ನೆಟ್ ವಿಳಾಸಕ್ಕೆ ಹೆಸರು ಹುಡುಕುತ್ತದೆ, ಆಮೇಲೆ ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರಿಗೆ ಐಪಿ ಹುಡುಕಿ ಉತ್ತರ ಕೊಡುತ್ತದೆ. ಎರಡರಲ್ಲಿ ಒಂದು ಕಡೆ ಒಂದಕ್ಷರ ತಪ್ಪಿದರೂ ಸರ್ವರ್ ಮೌನ.

ಐಪಿ ಸಿಕ್ಕ ಮೇಲೆ ಯಂತ್ರ ಟಿಎಫ್‌ಟಿಪಿಯಲ್ಲಿ ಒಂದು ಫೈಲ್ ಕೇಳುತ್ತದೆ. ಫೈಲಿನ ಹೆಸರು ಅದರ ಐಪಿಯೇ, ಹದಿನಾರರ ಮಾನದಲ್ಲಿ (ಹೆಕ್ಸಾಡೆಸಿಮಲ್). 192.168.1.5 ಆದರೆ ಸಿ0ಎ80105, ಅಕ್ಷರಗಳೆಲ್ಲ ಕ್ಯಾಪಿಟಲ್. ಆ ಫೈಲ್ ಒಂದು ಪುಟ್ಟ ಬೂಟ್ ಪ್ರೋಗ್ರಾಂ. ಅದು ಬೂಟ್‌ಪ್ಯಾರಮ್ಸ್ ಎಂಬ ಸೇವೆಯನ್ನು ‘ನನ್ನ ಹೆಸರೇನು, ನನ್ನ ರೂಟ್ ಎಲ್ಲಿದೆ’ ಎಂದು ಕೇಳುತ್ತದೆ. ಉತ್ತರ ಬಂದರೆ ಎನ್‌ಎಫ್‌ಎಸ್ ಮೂಲಕ ರೂಟ್ ಮೌಂಟ್ ಮಾಡಿ ಕರ್ನಲ್ ಎತ್ತಿಕೊಳ್ಳುತ್ತದೆ. ಅಲ್ಲಿಗೆ ನಾಲ್ಕು ಪ್ರಶ್ನೆ, ನಾಲ್ಕು ಉತ್ತರ.

ನಿಮ್ಮಲ್ಲಿ ಆರ್‌ಎಆರ್‌ಪಿ ಮತ್ತು ಬೂಟ್‌ಪ್ಯಾರಮ್ಸ್ ಎರಡರ ಕೆಲಸವನ್ನೂ ಡಿಎಚ್‌ಸಿಪಿ ಮಾಡುತ್ತದೆ: ಐಪಿ, ಬೂಟ್ ಫೈಲಿನ ಹೆಸರು, ಅದಿರುವ ಸರ್ವರ್, ಬೇಕಿದ್ದರೆ ರೂಟ್ ಪಾತ್ ಕೂಡ. ಆಮೇಲೆ ಟಿಎಫ್‌ಟಿಪಿ, ಕೊನೆಗೆ ಎನ್‌ಎಫ್‌ಎಸ್. ನೀವು ಪಿಎಕ್ಸ್‌ಇಲಿನಕ್ಸ್ ಎಂಬ ಬೂಟ್ ಪ್ರೋಗ್ರಾಂ ಬಳಸುತ್ತಿದ್ದರೆ ಅದು ತನ್ನ ಕಾನ್ಫಿಗ್ ಫೈಲನ್ನು ಈಥರ್ನೆಟ್ ವಿಳಾಸದ ಹೆಸರಲ್ಲಿ, ಆಮೇಲೆ ಹದಿನಾರರ ಮಾನದ ಐಪಿಯಲ್ಲಿ, ಕೊನೆಯಿಂದ ಒಂದೊಂದೇ ಅಂಕಿ ಬಿಡುತ್ತಾ, ಕಡೆಗೆ ಡಿಫಾಲ್ಟ್ ಎಂಬ ಹೆಸರಲ್ಲಿ ಹುಡುಕುತ್ತದೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಯಂತ್ರದ ಪರದೆ ನೋಡಿ ಊಹೆ ಮಾಡುತ್ತಾ ಕೂರಬೇಡಿ. ಪರದೆ ಒಂದು ಕಡೆಯ ಮಾತನ್ನಷ್ಟೇ ಹೇಳುತ್ತದೆ. ಸರ್ವರಿನಲ್ಲಿ ಟಿಸಿಪಿಡಂಪ್ ಹಾಕಿ ತಂತಿಯ ಮೇಲೆ ಹೋಗಿ ಬರುವುದನ್ನು ನೋಡಿ. ಉತ್ತರ ಸಿಗದೆ ಉಳಿದ ಕೊನೆಯ ಪ್ರಶ್ನೆ ಯಾವುದು ಎಂಬುದೊಂದೇ ನಮಗೆ ಬೇಕಾದದ್ದು. ಪೋರ್ಟ್ 67, 68 ಡಿಎಚ್‌ಸಿಪಿ, 69 ಟಿಎಫ್‌ಟಿಪಿ, 111 ಪೋರ್ಟ್‌ಮ್ಯಾಪರ್ (ಯಾವ ಸೇವೆ ಯಾವ ಪೋರ್ಟಿನಲ್ಲಿದೆ ಎಂದು ಹೇಳುವ ಸೇವೆ), 2049 ಎನ್‌ಎಫ್‌ಎಸ್. ಈಥರ್ನೆಟ್ ವಿಳಾಸವೂ ಕಾಣುವ ಹಾಗೆ ಇ ಆಪ್ಷನ್, ಹೆಸರಿನ ಬದಲು ಅಂಕಿ ತೋರಿಸಲು ಎನ್ ಆಪ್ಷನ್ ಸೇರಿಸಿ. ನಿಂತ ಯಂತ್ರ ಒಂದನ್ನೇ ಆರಿಸಿಕೊಂಡು ಆನ್ ಮಾಡಿ. ಎಲ್ಲ ಒಟ್ಟಿಗೆ ಆನ್ ಮಾಡಿದರೆ ಯಾರ ಪ್ರಶ್ನೆಗೆ ಯಾರ ಉತ್ತರ ಎಂದು ತಿಳಿಯುವುದಿಲ್ಲ.

ಇನ್ನೊಂದು ಮಾತು. ಟಿಎಫ್‌ಟಿಪಿ ಮೊದಲ ಕೋರಿಕೆಯನ್ನಷ್ಟೇ 69ಕ್ಕೆ ಕಳಿಸುತ್ತದೆ, ಡೇಟಾ ಬರುವುದು ಬೇರೊಂದು ಪೋರ್ಟಿನಿಂದ. ಬರೀ 69 ಸೋಸಿ ನೋಡಿದರೆ ಕೋರಿಕೆ ಕಾಣುತ್ತದೆ, ಉತ್ತರ ಕಾಣುವುದಿಲ್ಲ, ಸರ್ವರ್ ಸತ್ತಿದೆ ಎಂದು ತಪ್ಪು ತಿಳಿಯುವಂತಾಗುತ್ತದೆ. ಫೈರ್‌ವಾಲಿನಲ್ಲಿ 69 ಒಂದನ್ನೇ ತೆರೆದಿಟ್ಟವರಿಗೂ ಇದೇ ತೊಂದರೆ.

ಕೊಪ್ಪದಾಂವ · ಮಂಗಳವಾರ, ಬೆಳಿಗ್ಗೆ 6:48

ಸರ್ ಬರೆದದ್ದು ಪೂರ್ತಿ ಒಪ್ಪಿಗೆ. ಒಂದು ಮಾತ್ರ ಸೇರಿಸ್ತೇನೆ ಮೇಡಂ. ಇ51, ಇ53 ಎರಡನ್ನೂ ಒಂದೇ ಕಾಯಿಲೆ ಅಂತ ಎಣಿಸಬೇಡಿ. ಇ51 ಅಂದ್ರೆ ಡಿಎಚ್‌ಸಿಪಿ ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ. ಇ53 ಅಂದ್ರೆ ಉತ್ತರ ಬಂತು, ಆದರೆ ಬೂಟ್ ಫೈಲಿನ ಹೆಸರು ಅದರಲ್ಲಿ ಇಲ್ಲ. ನಿಮ್ಮ ಸರ್ವರ್ ಫೈಲ್ ಹೆಸರು ಹೇಳಿಯೇ ಹೇಳ್ತದೆ, ಇಲ್ಲದಿದ್ದರೆ ಒಂದು ಯಂತ್ರವೂ ಏಳ್ತಿರಲಿಲ್ಲ. ಹಾಗಾದ್ರೆ ಆ ಹೆಸರಿಲ್ಲದ ಉತ್ತರ ಕೊಟ್ಟದ್ದು ಯಾರು? ನಿಮ್ಮ ನೆಟ್‌ವರ್ಕಿನಲ್ಲಿ ಎರಡನೇ ಡಿಎಚ್‌ಸಿಪಿ ಸರ್ವರ್ ಒಂದು ಉಂಟು ಅಂತ ನನ್ನ ಲೆಕ್ಕ. ಟಿಸಿಪಿಡಂಪ್ ಹಾಕಿದಾಗ ಆಫರ್ (ಡಿಎಚ್‌ಸಿಪಿ ಸರ್ವರ್ ಕೊಡುವ ಉತ್ತರ) ಎಷ್ಟು ಬಂತು, ಯಾವ ಯಾವ ವಿಳಾಸದಿಂದ ಬಂತು ಅಂತ ನೋಡಿ.

ತುಂಗಾತೀರ · ಮಂಗಳವಾರ, ಸಂಜೆ 5:30

ಸಂಜೆ ಮಕ್ಕಳು ಹೋದ ಮೇಲೆ ಕೂತು ನೋಡಿದೆ. ಬಹಳ ವಿಷಯ ಗೊತ್ತಾಯಿತು.

ಮೊದಲು ದುರ್ಗಿಗುಡಿಯವರ ಪ್ರಶ್ನೆಗೆ ಉತ್ತರ. ಹೊಸ ಸ್ವಿಚ್ ಮ್ಯಾನೇಜ್ಡ್ ಸ್ವಿಚ್ಚೇ. ಇ51 ಬರುವುದು ಯಾವತ್ತೂ ಅವೇ ಯಂತ್ರಗಳಲ್ಲಿ, ಅವೆಲ್ಲ ಒಂದೇ ಮಾಡೆಲ್. ದಿನಾ ಜಾಗ ಬದಲಿಸುವುದು ಇ53 ಮತ್ತು ಕರ್ನಲ್ ತನಕ ಬಂದು ನಿಲ್ಲುವ ತೊಂದರೆ. ಈ ವ್ಯತ್ಯಾಸ ನೀವು ಕೇಳುವ ತನಕ ಕಣ್ಣಿಗೆ ಬಿದ್ದಿರಲಿಲ್ಲ.

ಇ51 ಯಂತ್ರ ಆನ್ ಮಾಡಿದಾಗ ಸರ್ವರಿನ ಟಿಸಿಪಿಡಂಪಿನಲ್ಲಿ ಅದರ ಪ್ರಶ್ನೆಯೇ ಕಾಣುವುದಿಲ್ಲ. ಯಂತ್ರ ಕೇಳುತ್ತಿದ್ದೇನೆ ಎನ್ನುತ್ತದೆ, ಸರ್ವರಿಗೆ ಕೇಳಿಸುತ್ತಲೇ ಇಲ್ಲ.

ಇ53 ಯಂತ್ರದಲ್ಲಿ ಕೊಪ್ಪದವರು ಹೇಳಿದ ಹಾಗೇ ಆಯಿತು. ಒಂದು ಪ್ರಶ್ನೆಗೆ ಎರಡು ಆಫರ್. ಒಂದು ನಮ್ಮ ಸರ್ವರ್ 192.168.1.10ರಿಂದ, ಇನ್ನೊಂದು 192.168.1.1ರಿಂದ. ಆ ವಿಳಾಸದ ಜಾಡು ಹಿಡಿದು ಹೋದರೆ ಆಫೀಸ್ ರೂಮಿನಲ್ಲಿ ವೈಫೈ ರೂಟರ್! ರಜೆಯಲ್ಲಿ ಇಂಟರ್ನೆಟ್ ಹಾಕಿಸುವಾಗ ಕೆಲಸದವರು ಅದರ ತಂತಿಯನ್ನು ಲ್ಯಾಬಿನ ಸ್ವಿಚ್ಚಿಗೇ ಸಿಕ್ಕಿಸಿ ಹೋಗಿದ್ದಾರೆ.

ಆದರೂ ಎರಡು ಸಂಗತಿ ಅರ್ಥವಾಗಲಿಲ್ಲ. ಸರ್ವರಿನಲ್ಲಿ ಹೆಸರು ಬರೆದು ನಿಗದಿ ಐಪಿ ಕೊಟ್ಟಿರುವ ಹಳೆಯ ಯಂತ್ರಗಳು ಒಮ್ಮೆಯೂ ಇ53 ತೋರಿಸಿಲ್ಲ, ಅದು ಯಾಕೆ? ಮತ್ತೆ, ಕರ್ನಲ್ ತನಕ ಬಂದ ಯಂತ್ರ ನಮ್ಮ ಸರ್ವರಿನಿಂದಲೇ ತಾನೇ ಕರ್ನಲ್ ತೆಗೆದುಕೊಂಡದ್ದು? ಆಮೇಲೆ ಅದಕ್ಕೆ ದಾರಿ ತಪ್ಪಿದ್ದು ಹೇಗೆ?

ದುರ್ಗಿಗುಡಿ · ಮಂಗಳವಾರ, ಸಂಜೆ 6:15

ಇ51ರ ಮಾತು ನಾನು ಹೇಳ್ತೀನಿ. ಪ್ರಶ್ನೆ ಸರ್ವರ್ ತನಕ ಬರ್ತಾನೇ ಇಲ್ಲ ಅಂದ್ರೆ ತಡೆಯೋದು ಸ್ವಿಚ್. ಮ್ಯಾನೇಜ್ಡ್ ಸ್ವಿಚ್ಚಲ್ಲಿ ಎಷ್ಟೋ ಸಲ ಸ್ಪ್ಯಾನಿಂಗ್ ಟ್ರೀ ಆನ್ ಆಗಿರುತ್ತೆ. ತಂತಿ ಸುತ್ತು ಹಾಕ್ಕೊಂಡು ನೆಟ್‌ವರ್ಕ್ ಉಸಿರುಗಟ್ಟಬಾರದು ಅಂತ ಇರೋ ವ್ಯವಸ್ಥೆ ಅದು. ಹಳೇ ಪದ್ಧತಿಯ ಸ್ಪ್ಯಾನಿಂಗ್ ಟ್ರೀಯಲ್ಲಿ ಒಂದು ಪೋರ್ಟಿಗೆ ಲಿಂಕ್ ಬಂದ ಮೇಲೆ 15 ಸೆಕೆಂಡ್ ಆಲಿಸೋದು, 15 ಸೆಕೆಂಡ್ ಕಲಿಯೋದು, ಒಟ್ಟು 30 ಸೆಕೆಂಡ್ ಆ ಪೋರ್ಟಿಂದ ಡೇಟಾ ಮುಂದೆ ಹೋಗಲ್ಲ. ಲೈಟ್ ಹಸಿರಾಗಿ ಉರೀತಾ ಇರುತ್ತೆ, ನೋಡಿದವರು ತಂತಿ ಸರಿ ಇದೆ ಅಂದ್ಕೋತಾರೆ. ಸಾವಧಾನದ ಬೂಟ್ ರಾಮ್ (ಆರ್‌ಒಎಂ, ಅಂದ್ರೆ ಚಿಪ್ಪಲ್ಲೇ ಇರೋ ಬೂಟ್ ಪ್ರೋಗ್ರಾಂ) ಇದ್ರೆ ಮತ್ತೆ ಮತ್ತೆ ಕೇಳಿ ಗೆಲ್ಲುತ್ತೆ, ಬೇಗ ಕೈಬಿಡೋ ರಾಮ್ ಇ51 ತೋರಿಸಿ ನಿಲ್ಲುತ್ತೆ. ಅದಕ್ಕೇ ನಿಮಗೆ ಒಂದೇ ಮಾಡೆಲ್ ಯಂತ್ರಗಳಲ್ಲಿ ಮಾತ್ರ ಬರ್ತಿರೋದು.

ಖಚಿತ ಮಾಡ್ಕೊಳ್ಳೋದು ಸುಲಭ. ಯಂತ್ರಕ್ಕೂ ಸ್ವಿಚ್ಚಿಗೂ ನಡುವೆ ಒಂದು ಮಾಮೂಲಿ ಸಣ್ಣ ಸ್ವಿಚ್ ಹಾಕಿ. ಸಣ್ಣ ಸ್ವಿಚ್ ಮೊದಲೇ ಆನ್ ಆಗಿರೋದ್ರಿಂದ ದೊಡ್ಡ ಸ್ವಿಚ್ಚಿನ ಪೋರ್ಟ್ ಆಗಲೇ ತೆರೆದಿರುತ್ತೆ. ಹಾಗೆ ಬೂಟ್ ಆದ್ರೆ ಅನುಮಾನವೇ ಇಲ್ಲ. ಆಮೇಲೆ ದೊಡ್ಡ ಸ್ವಿಚ್ಚಿನ ಸೆಟ್ಟಿಂಗಲ್ಲಿ ಲ್ಯಾಬ್ ಯಂತ್ರಗಳ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಅಂತ ಇರೋದನ್ನ ಆನ್ ಮಾಡಿ. ದಯವಿಟ್ಟು ಸ್ಪ್ಯಾನಿಂಗ್ ಟ್ರೀಯನ್ನೇ ಪೂರ್ತಿ ಆಫ್ ಮಾಡಬೇಡಿ. ಮಕ್ಕಳಿರೋ ಜಾಗ, ಒಂದು ತಂತಿಯ ಎರಡೂ ತುದಿ ಯಾರಾದ್ರೂ ಒಂದೇ ಸ್ವಿಚ್ಚಿಗೆ ಹಾಕಿದ್ರೆ ಇಡೀ ಲ್ಯಾಬ್ ನಿಲ್ಲುತ್ತೆ.

ಇನ್ನೊಂದು ನೆನಪಿಡಿ: ಬೂಟ್ ಆಗೋವಾಗ ಲಿಂಕ್ ಒಂದೇ ಸಲ ಬರೋದಲ್ಲ. ರಾಮ್ ಒಮ್ಮೆ, ಕರ್ನಲ್ ಡ್ರೈವರ್ ಇನ್ನೊಮ್ಮೆ ಕಾರ್ಡನ್ನ ರೀಸೆಟ್ ಮಾಡಬಹುದು. ಆಗೆಲ್ಲ ಆ 30 ಸೆಕೆಂಡ್ ಮತ್ತೆ ಶುರು.

ಕೊಪ್ಪದಾಂವ · ಮಂಗಳವಾರ, ರಾತ್ರಿ 8:20

ಮೇಡಂ, ನಿಮ್ಮ ಎರಡೂ ಪ್ರಶ್ನೆ ಬಹಳ ಚೆನ್ನಾಗಿದೆ. ಈ ಕಾಯಿಲೆಯ ಬೇರು ಅಲ್ಲೇ ಇರೋದು.

ನಿಮ್ಮಲ್ಲಿ ಐಎಸ್‌ಸಿ ಡಿಎಚ್‌ಸಿಪಿ ಸರ್ವರ್ ಇದೆ ಅಂತ ಎಣಿಸಿ ಹೇಳ್ತೇನೆ. ಪೂಲಿನಿಂದ (ಹಂಚಲಿಕ್ಕೆ ಇಟ್ಟ ವಿಳಾಸಗಳ ಗುಂಪು) ಹೊಸ ಐಪಿ ಕೊಡುವ ಮೊದಲು ಅದು ಆ ವಿಳಾಸಕ್ಕೆ ಪಿಂಗ್ ಮಾಡಿ, ಬೇರೆ ಯಾರೂ ಬಳಸ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ತದೆ. ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಕಾಯ್ತದೆ, ಆಮೇಲೆ ಆಫರ್. ಅಷ್ಟರಲ್ಲಿ ವೈಫೈ ರೂಟರ್ ತನ್ನ ಆಫರ್ ಕಳಿಸಿ ಆಗಿರ್ತದೆ. ನಿಗದಿ ಐಪಿ ಇರುವ ಯಂತ್ರಕ್ಕೆ ಪಿಂಗ್ ಪರೀಕ್ಷೆ ಇಲ್ಲ, ಸರ್ವರ್ ತಕ್ಷಣ ಉತ್ತರ ಕೊಡ್ತದೆ. ಹಾಗಾಗಿ ನಿಮ್ಮ ಹಳೆಯ ಯಂತ್ರಗಳು ಪಾರಾದವು. ಪಿಂಗ್ ಪರೀಕ್ಷೆ ತೆಗೆದುಬಿಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಅದು ಒಳ್ಳೆಯದಕ್ಕೇ ಇರೋದು, ತಪ್ಪಿರೋದು ರೂಟರಿನ ಜಾಗ.

ಎರಡನೇ ಪ್ರಶ್ನೆ. ಡಿಎಚ್‌ಸಿಪಿ ಒಂದೇ ಸಲ ನಡೆಯೋದಲ್ಲ. ಪಿಎಕ್ಸ್‌ಇ ರಾಮ್ ಕೇಳಿದ್ದು ಒಂದು. ಕರ್ನಲ್ ಎದ್ದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆ ಬರುವ ತಾತ್ಕಾಲಿಕ ಫೈಲ್ ಸಿಸ್ಟಂ) ಒಳಗಿನ ಐಪಿಕಾನ್ಫಿಗ್ ಮತ್ತೊಮ್ಮೆ ಹೊಸದಾಗಿ ಕೇಳ್ತದೆ. ಮೊದಲ ಸಲ ನಿಮ್ಮ ಸರ್ವರ್ ಗೆದ್ದು, ಎರಡನೇ ಸಲ ರೂಟರ್ ಗೆದ್ದರೆ? ಎನ್‌ಎಫ್‌ಎಸ್ ಸರ್ವರ್ ಯಾರು ಅಂತ ಕರ್ನಲ್ ಸಾಲಿನಲ್ಲಿ (ಬೂಟ್ ಕಾನ್ಫಿಗಿನಲ್ಲಿ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ಬರೆದಿಲ್ಲದಿದ್ರೆ, ಡಿಎಚ್‌ಸಿಪಿಯಿಂದ ಬಂದ ವಿಳಾಸವನ್ನೇ ಅದು ಹಿಡ್ಕೊಳ್ತದೆ. ಅಂದ್ರೆ ಪಾಪ ಆ ಯಂತ್ರ ವೈಫೈ ರೂಟರನ್ನು ರೂಟ್ ಫೈಲ್ ಸಿಸ್ಟಂ ಕೊಡು ಅಂತ ಕೇಳ್ತಾ ನಿಂತಿದೆ.

ಇದನ್ನ ಪರದೆಯಲ್ಲೇ ನೋಡಬಹುದು. ನಿಂತ ಯಂತ್ರದಲ್ಲಿ ಐಪಿ-ಕಾನ್ಫಿಗ್ ಅಂತ ಶುರುವಾಗುವ ಸಾಲು ಹುಡುಕಿ. ಡಿಎಚ್‌ಸಿಪಿ ಯಾವ ವಿಳಾಸದಿಂದ ಬಂತು, ರೂಟ್‌ಸರ್ವರ್ ಯಾವುದು, ರೂಟ್‌ಪಾತ್ ಏನು ಅಂತ ಅಲ್ಲಿರ್ತದೆ. 192.168.1.1 ಅಂತ ಇದ್ರೆ ನಾನು ಹೇಳಿದ್ದು ಸರಿ.

ಔಷಧಿ ಎರಡು, ಎರಡನ್ನೂ ಮಾಡಿ. ರೂಟರಿನ ಡಿಎಚ್‌ಸಿಪಿ ಆಫ್ ಮಾಡಿಸಿ. ಇಂಟರ್ನೆಟ್ ಗೇಟ್‌ವೇ ಅದೇ ಅಂತ ನಿಮ್ಮ ಸರ್ವರಿನ ಡಿಎಚ್‌ಸಿಪಿಯಲ್ಲೇ ಹೇಳಿದರಾಯ್ತು. ಕರ್ನಲ್ ಸಾಲಿನಲ್ಲಿ ಎನ್‌ಎಫ್‌ಎಸ್‌ರೂಟ್ ಅನ್ನೋ ಕಡೆ ಸರ್ವರಿನ ಐಪಿ, ಪಾತ್, ಆವೃತ್ತಿ ಮೂರು, ಟಿಸಿಪಿ, ಎಲ್ಲವನ್ನೂ ಬಿಡಿಸಿ ಬರೆಯಿರಿ. ರೂಟರನ್ನು ಯಾರಾದ್ರೂ ರೀಸೆಟ್ ಮಾಡಿದ್ರೆ ಅದರ ಡಿಎಚ್‌ಸಿಪಿ ಮತ್ತೆ ಜೀವ ಪಡೀತದೆ, ಅದಕ್ಕೆ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ ಸರ್ವರ್ ಇರುವ ಪೋರ್ಟನ್ನು ಮಾತ್ರ ನಂಬುವ ಹಾಗೆ ಇಟ್ಟುಬಿಡಿ. ಆಗ ಬೇರೆ ಪೋರ್ಟಿನಿಂದ ಬರುವ ಆಫರನ್ನು ಸ್ವಿಚ್ಚೇ ಕತ್ತರಿಸ್ತದೆ. ದಾನಿಗಳು ಒಳ್ಳೆ ಸ್ವಿಚ್ ಕೊಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಮಳೆಬಿಲ್ಲು · ಮಂಗಳವಾರ, ರಾತ್ರಿ 10:05

ಮೇಡಂ, ನಿಮ್ಮ ಥ್ರೆಡ್ಡಿನ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವರದಾಮೂಲ ಸರ್ ಸನ್ ಯಂತ್ರದ ಮಾತೆತ್ತಿದ್ದು ನೋಡಿ ತಡೆಯಲಾಗಲಿಲ್ಲ. ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಗುಜರಿಯಲ್ಲಿ ಸನ್ ಕಂಪನಿಯ ಒಂದು ಸ್ಪಾರ್ಕ್‌ಸ್ಟೇಷನ್ 5 ಸಿಕ್ಕಿತು, ಡಿಸ್ಕ್ ಇಲ್ಲ. ಡೆಬಿಯನ್ ಲ್ಯಾಪ್‌ಟಾಪನ್ನು ಸರ್ವರ್ ಮಾಡಿ ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ಓಎಸ್ ಬೂಟ್ ಮಾಡಿಸಬೇಕು ಅಂತ ಆಸೆ. ಆನ್ ಮಾಡಿದರೆ ಐಡಿಪ್ರಾಮ್ (ಯಂತ್ರದ ಗುರುತಿನ ವಿವರ ಇರುವ ಮೆಮೊರಿ) ಸರಿಯಿಲ್ಲ ಅನ್ನುತ್ತದೆ, ಈಥರ್ನೆಟ್ ವಿಳಾಸ ಬರೀ ಎಫ್‌ಎಫ್. ಬೂಟ್ ನೆಟ್ ಎಂದು ಕೊಟ್ಟರೆ ಎಆರ್‌ಪಿ/ಆರ್‌ಎಆರ್‌ಪಿ ಪ್ಯಾಕೆಟ್‌ಗೆ ಕಾದು ಟೈಮ್‌ಔಟ್ ಆಯಿತು ಅನ್ನುವ ಸಾಲೇ ಮತ್ತೆ ಮತ್ತೆ. ಇದು ಸತ್ತಿದೆಯಾ ಸರ್, ಬದುಕಿಸಬಹುದಾ?

ವರದಾಮೂಲ · ಬುಧವಾರ, ಬೆಳಿಗ್ಗೆ 5:50

ಖಂಡಿತ ಬದುಕಿಸಬಹುದಮ್ಮ. ಈ ಕಾಲದಲ್ಲಿ ನಮ್ಮೂರ ಹುಡುಗಿಯೊಬ್ಬಳು ಸ್ಪಾರ್ಕ್‌ಸ್ಟೇಷನ್ ಎಬ್ಬಿಸಲು ಕೂತಿದ್ದಾಳೆ ಎಂದು ಓದಿ ನನಗೆ ಬಹಳ ಸಂತೋಷವಾಯಿತು.

ಅದರ ಮದರ್‌ಬೋರ್ಡಿನಲ್ಲಿ ಎಂ48ಟಿ08 ಎಂಬ ಚಿಪ್ ಇದೆ. ಗಡಿಯಾರ, ಸೆಟ್ಟಿಂಗ್‌ಗಳು, ಈಥರ್ನೆಟ್ ವಿಳಾಸ ಎಲ್ಲ ಅದರಲ್ಲೇ, ಬ್ಯಾಟರಿಯೂ ಆ ಚಿಪ್ಪಿನ ಒಳಗೇ. ಸ್ಪಾರ್ಕ್‌ಸ್ಟೇಷನ್ 5 ಬಂದದ್ದು 1994ರಲ್ಲಿ, ಆ ಬ್ಯಾಟರಿ ಮುಗಿದು ಎಷ್ಟೋ ಕಾಲವಾಗಿದೆ. ವಿಳಾಸ ಮರೆತ ಯಂತ್ರ ಎಫ್‌ಎಫ್ ಎಂದು ಹೇಳಿಕೊಂಡು ಆರ್‌ಎಆರ್‌ಪಿ ಕೇಳಿದರೆ ಯಾವ ಸರ್ವರೂ ಉತ್ತರ ಕೊಡಲಾರದು, ಏಕೆಂದರೆ ಅದು ಬ್ರಾಡ್‌ಕಾಸ್ಟ್ ವಿಳಾಸ.

ಓಪನ್‌ಬೂಟ್ (ಸನ್ ಯಂತ್ರದ ಬಯೋಸ್ ಇದ್ದ ಹಾಗೆ) ಪ್ರಾಂಪ್ಟಿನಲ್ಲಿ ಎಂಕೆಪಿ ಎಂಬ ಆಜ್ಞೆಯಿಂದ ಒಂದೊಂದೇ ಬೈಟ್ ಬರೆಯಬೇಕು. 0ನೇ ಬೈಟಿಗೆ 1. ಮುಂದಿನದಕ್ಕೆ ಯಂತ್ರದ ಬಗೆ. 2ರಿಂದ 7ರ ತನಕ ಈಥರ್ನೆಟ್ ವಿಳಾಸ. ಸನ್ ವಿಳಾಸಗಳು ಹದಿನಾರರ ಮಾನದಲ್ಲಿ 8, 0, 20ರಿಂದ ಶುರುವಾಗುತ್ತವೆ, ಉಳಿದ ಮೂರನ್ನು ಯಂತ್ರದ ಮೇಲಿನ ಚೀಟಿ ಉಳಿದಿದ್ದರೆ ನೋಡಿ ಹಾಕು, ಇಲ್ಲದಿದ್ದರೆ ನಿನ್ನ ನೆಟ್‌ವರ್ಕಿನಲ್ಲಿ ಬೇರೆ ಯಾರಿಗೂ ಇಲ್ಲದ್ದನ್ನು ಹಾಕು. ಅದರ ಮುಂದೆ ತಯಾರಿಕೆಯ ದಿನಾಂಕ, ಕ್ರಮಸಂಖ್ಯೆ. ಹದಿನಾರನೆಯದು ಚೆಕ್‌ಸಮ್ (ಬರೆದದ್ದು ಸರಿಯೇ ಎಂದು ತಾಳೆ ನೋಡುವ ಸಂಖ್ಯೆ), ಮೊದಲ ಹದಿನೈದು ಬೈಟ್‌ಗಳ ಎಕ್ಸ್‌ಒಆರ್ ಲೆಕ್ಕ. ಅದು ತಾಳೆಯಾಗದಿದ್ದರೆ ಎಲ್ಲ ಸರಿ ಬರೆದರೂ ಐಡಿಪ್ರಾಮ್ ಸರಿಯಿಲ್ಲ ಎಂಬ ದೂರೇ ಉಳಿಯುತ್ತದೆ. ಬ್ಯಾಟರಿ ಇಲ್ಲದ ಕಾರಣ ಪವರ್ ತೆಗೆದರೆ ಮತ್ತೆ ಬರೆಯಬೇಕು. ಹೊಸ ಚಿಪ್ ಹಾಕುವುದು ಶಾಶ್ವತ ಪರಿಹಾರ, ಆದರೆ ಮೊದಲು ಬೂಟ್ ಆಗಲಿ.

ಸರ್ವರಿನ ಕಡೆ ಹೇಳುತ್ತೇನೆ. ಈಗಿನ ಲಿನಕ್ಸಿನಲ್ಲಿ ಆರ್‌ಎಆರ್‌ಪಿ ಡೀಮನ್ ಬೇರೆಯಾಗಿ ಹಾಕಿಕೊಳ್ಳಬೇಕು. ನಿನ್ನದು ಸನ್4ಎಂ ಜಾತಿಯ ಯಂತ್ರ, ಅದು ಟಿಎಫ್‌ಟಿಪಿಯಲ್ಲಿ ಕೇಳುವ ಫೈಲಿನ ಹೆಸರಲ್ಲಿ ಹದಿನಾರರ ಮಾನದ ಐಪಿ, ಒಂದು ಚುಕ್ಕಿ, ಆಮೇಲೆ ಸನ್4ಎಂ ಎಂಬ ಬಾಲ ಕ್ಯಾಪಿಟಲ್ ಅಕ್ಷರಗಳಲ್ಲಿ ಇರುತ್ತದೆ. ಬಾಲ ಮರೆತು ಸರ್ವರಿನ ತಪ್ಪು ಹುಡುಕಿದವರು ಬಹಳ. ಟಿಎಫ್‌ಟಿಪಿ ಸರ್ವರಿನ ಲಾಗಿನಲ್ಲಿ ಅದು ಕೇಳಿದ ಹೆಸರು ಹಾಗೇ ಬಿದ್ದಿರುತ್ತದೆ, ಅದನ್ನೇ ನಕಲು ಮಾಡಿ ಫೈಲಿಗೆ ಇಡು. ಮುಂದೆ ಎಂದಾದರೂ ಸನ್‌ಓಎಸ್ 4 ಹಾಕುವ ಮನಸ್ಸಾದರೆ ನೆನಪಿರಲಿ, ಅದಕ್ಕೆ ಗೊತ್ತಿರುವುದು ಎನ್‌ಎಫ್‌ಎಸ್ ಎರಡನೇ ಆವೃತ್ತಿ ಮಾತ್ರ. ಈಗಿನ ಲಿನಕ್ಸ್ ಸರ್ವರ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ.

ತುಂಗಾತೀರ · ಬುಧವಾರ, ಸಂಜೆ 6:02

ದುರ್ಗಿಗುಡಿಯವರೇ, ಸಣ್ಣ ಸ್ವಿಚ್ ನಡುವೆ ಹಾಕಿದ ಕೂಡಲೇ ಇ51 ಯಂತ್ರ ಬೂಟ್ ಆಯಿತು. ಆಮೇಲೆ ಪೋರ್ಟ್‌ಗಳಿಗೆಲ್ಲ ಎಡ್ಜ್ ಸೆಟ್ಟಿಂಗ್ ಹಾಕಿದೆ, ಸಣ್ಣ ಸ್ವಿಚ್ ತೆಗೆದೆ. ಈಗ ಆ ಮಾಡೆಲಿನವೆಲ್ಲ ಏಳುತ್ತಿವೆ.

ಕೊಪ್ಪದವರೇ, ನಿಂತ ಯಂತ್ರದ ಪರದೆಯಲ್ಲಿ ರೂಟ್‌ಸರ್ವರ್ 192.168.1.1 ಎಂದೇ ಇತ್ತು, ರೂಟ್‌ಪಾತ್ ಖಾಲಿ. ಮುಖ್ಯ ಶಿಕ್ಷಕರಿಗೆ ಆ ಸಾಲನ್ನೇ ತೋರಿಸಿ ವಿವರಿಸಿದೆ. ಅವರೇ ನಿಂತು ರೂಟರಿನ ಡಿಎಚ್‌ಸಿಪಿ ಆಫ್ ಮಾಡಿಸಿದರು. ಸ್ನೂಪಿಂಗ್ ಕೂಡ ಹಾಕಿದೆ. ಇ53 ಆಮೇಲೆ ಕಂಡಿಲ್ಲ.

ಉಳಿದದ್ದು ಎರಡು. ಈಚೆಗೆ ಬಂದ ಎರಡು ಹೊಸ ಯಂತ್ರಗಳು ಬೂಟ್ ಫೈಲ್ ಇಳಿಸಿಕೊಂಡು ಏನೂ ಮಾಡದೆ ಸೆಟಪ್ ಮೆನುವಿಗೆ ವಾಪಸಾಗುತ್ತವೆ. ಇನ್ನೊಂದು ಯಂತ್ರ ಇ61 ಎನ್ನುತ್ತದೆ.

ಕೊಪ್ಪದಾಂವ · ಬುಧವಾರ, ರಾತ್ರಿ 7:30

ಹೊಸ ಎರಡೂ ಯುಇಎಫ್‌ಐ (ಬಯೋಸ್ ಬದಲಿಗೆ ಬಂದ ಹೊಸ ವ್ಯವಸ್ಥೆ) ಯಂತ್ರ ಇರಬೇಕು. ನೀವು ಕೊಡ್ತಿರೋ ಪಿಎಕ್ಸ್‌ಇಲಿನಕ್ಸ್ ಫೈಲ್ ಹಳೆಯ ಬಯೋಸ್‌ಗೆ ಬರೆದದ್ದು, ಯುಇಎಫ್‌ಐಗೆ ಅದನ್ನು ಓಡಿಸಲಿಕ್ಕೆ ಆಗೋದಿಲ್ಲ. ಡಿಎಚ್‌ಸಿಪಿ ಕೇಳುವಾಗ ಯಂತ್ರ ತಾನು ಯಾವ ಜಾತಿ ಅಂತ ಆಪ್ಷನ್ 93ರಲ್ಲಿ ಹೇಳ್ತದೆ. 0 ಅಂದ್ರೆ ಬಯೋಸ್, 7 ಅಂದ್ರೆ 64 ಬಿಟ್ ಯುಇಎಫ್‌ಐ. ಸರ್ವರಿನ ಕಾನ್ಫಿಗಿನಲ್ಲಿ ಆ ಸಂಖ್ಯೆ ನೋಡಿ, 7 ಬಂದರೆ ಗ್ರಬ್ ಅನ್ನೋ ಬೂಟ್ ಪ್ರೋಗ್ರಾಂನ ನೆಟ್‌ಬೂಟ್ ಇಎಫ್‌ಐ ಫೈಲ್ ಕೊಡುವ ಹಾಗೆ ಒಂದು ಇಫ್ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ರೆ ಸಹಿ ಇರುವ ಶಿಮ್ ಫೈಲ್ ಮೊದಲು ಕೊಡಬೇಕಾಗ್ತದೆ. ಸದ್ಯಕ್ಕೆ ಮಕ್ಕಳ ಕ್ಲಾಸ್ ನಿಲ್ಲಬಾರದು ಅಂದ್ರೆ, ಸೆಟಪ್ಪಿನಲ್ಲಿ ಲೆಗಸಿ ಬೂಟ್ ಇದ್ದರೆ ಅದನ್ನು ಆನ್ ಮಾಡ್ಕೊಳ್ಳಿ.

ದುರ್ಗಿಗುಡಿ · ಬುಧವಾರ, ರಾತ್ರಿ 9:10

ಇ61 ಅಂದ್ರೆ ತಂತಿಯೇ ಸರಿಯಿಲ್ಲ, ಲಿಂಕ್ ಇಲ್ಲ. ಜ್ಯಾಕ್ ಬಿಚ್ಚಿ ಒಳಗಿನ ಪಿನ್ ನೋಡಿ ಮೇಡಂ. ತೀರ್ಥಹಳ್ಳಿ, ಆಗುಂಬೆ ಕಡೆಯ ತೇವಕ್ಕೆ ಪಿನ್ ಹಸಿರುಗಟ್ಟಿರೋದನ್ನ ಪ್ರತಿ ಮಳೆಗಾಲದಲ್ಲೂ ನೋಡ್ತೀನಿ. ಒರೆಸಿ ಹಾಕಿದ್ರೆ ನಾಲ್ಕು ದಿನ ನಡೆಯುತ್ತೆ, ತುದಿ ಕತ್ತರಿಸಿ ಹೊಸ ಜ್ಯಾಕ್ ಕ್ರಿಂಪ್ ಮಾಡೋದೇ ಸರಿ.

ಇದಕ್ಕಿಂತ ದೊಡ್ಡ ಮಾತು ಒಂದಿದೆ. ಆಫೀಸ್ ರೂಮಿಂದ ಲ್ಯಾಬಿಗೆ ತಂತಿ ಬಯಲಲ್ಲಿ ಹೋಗಿದೆಯಾ? ಹೋಗಿದ್ರೆ ಹೋದ ಸಲದ ಸಿಡಿಲು ಆ ತಂತಿಯಲ್ಲೇ ಒಳಗೆ ಬಂದಿರಬಹುದು. ಎರಡು ಕಟ್ಟಡದ ನಡುವೆ ತಾಮ್ರದ ತಂತಿ ಎಳೆಯಲೇಬಾರದು, ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಇಡಿ. ಫೈಬರಲ್ಲಿ ವಿದ್ಯುತ್ ಹರಿಯಲ್ಲ, ಆ ದಾರಿಯಿಂದ ಸಿಡಿಲು ಬರೋ ಭಯ ಇಲ್ಲ. ಹೊರಗೆ ಹಾಯೋ ಫೈಬರ್ ಕೇಬಲಿಗೆ ಕಬ್ಬಿಣದ ಕವಚ ಅಥವಾ ಆಧಾರತಂತಿ ಇಲ್ಲದ್ದನ್ನೇ ಕೇಳಿ ತಗೊಳ್ಳಿ.

ಸ್ವಿಚ್ಚನ್ನೂ ಸರ್ವರ್ ಜೊತೆ ಯುಪಿಎಸ್ ಮೇಲೆ ಇಡಿ. ಇಲ್ಲದಿದ್ರೆ ಕರೆಂಟ್ ಒಂದು ಕ್ಷಣ ಹೋಗಿ ಬಂದಾಗ ಯಂತ್ರಗಳು ಸ್ವಿಚ್ಚಿಗಿಂತ ಮೊದಲೇ ಎದ್ದು, ಕೇಳಿ, ಉತ್ತರ ಸಿಗದೆ ನಿಲ್ಲುತ್ತವೆ. ಯಂತ್ರಗಳ ಸೆಟಪ್ಪಲ್ಲಿ ಕರೆಂಟ್ ಬಂದ ಮೇಲೆ ಆಫ್ ಆಗೇ ಇರಲಿ ಅನ್ನೋ ಆಯ್ಕೆ ಹಾಕಿ, ಸರ್ವರ್ ಪೂರ್ತಿ ಎದ್ದಿದೆ ಅಂತ ನೋಡ್ಕೊಂಡು ನೀವೇ ಆನ್ ಮಾಡಿಸಿ.

ತುಂಗಾತೀರ · ಗುರುವಾರ, ಮಧ್ಯಾಹ್ನ 1:20

ಪಿನ್ ಹಸಿರುಗಟ್ಟಿತ್ತು, ಜ್ಯಾಕ್ ಬದಲಿಸಿದ ಮೇಲೆ ಸರಿಹೋಯಿತು. ಹೊಸ ಎರಡು ಸದ್ಯ ಲೆಗಸಿಯಲ್ಲಿ ನಡೆಯುತ್ತಿವೆ, ರಜಾದಿನ ಕೂತು ಆಪ್ಷನ್ 93 ಹಾಕುತ್ತೇನೆ. ತಂತಿ ಹೌದು, ಹೆಂಚಿನ ಮಾಡಿನ ಅಂಚಿಗೆ ಕಟ್ಟಿಕೊಂಡು ಬಯಲಲ್ಲೇ ಹೋಗಿದೆ. ಫೈಬರಿಗೆ ಎಸ್‌ಡಿಎಂಸಿ ಸಭೆಯಲ್ಲಿ ಕೇಳುತ್ತೇನೆ. ಇವತ್ತು ಬೆಳಿಗ್ಗೆ ಎಲ್ಲ ಯಂತ್ರಗಳೂ ಒಂದೂ ಬಿಡದೆ ಎದ್ದವು. ನಿಮ್ಮೆಲ್ಲರಿಗೂ ನಮ್ಮ ಮಕ್ಕಳ ಪರವಾಗಿ ಧನ್ಯವಾದ.

ಮಳೆಬಿಲ್ಲು · ಗುರುವಾರ, ರಾತ್ರಿ 11:15

ಸರ್, ಐಡಿಪ್ರಾಮ್ ಬರೆದೆ, ಚೆಕ್‌ಸಮ್ ತಾಳೆಯಾಯಿತು. ಆರ್‌ಎಆರ್‌ಪಿಗೆ ಉತ್ತರ ಬಂತು, ಬೂಟ್ ಫೈಲ್ ಕೂಡ ಇಳಿಯಿತು. ಈಗ ಬೂಟ್‌ಪ್ಯಾರಮ್ಸ್ ಹತ್ತಿರ ನಿಂತಿದೆ. ಟಿಸಿಪಿಡಂಪಿನಲ್ಲಿ ಪೋರ್ಟ್ 111ಕ್ಕೆ ಬ್ರಾಡ್‌ಕಾಸ್ಟ್ ಹೋಗುವುದು ಕಾಣುತ್ತದೆ, ಉತ್ತರ ಇಲ್ಲ. ಬೂಟ್‌ಪ್ಯಾರಮ್ ಡೀಮನ್ ನಡೆಯುತ್ತಿದೆ, ಫೈಲಿನಲ್ಲಿ ಯಂತ್ರದ ಸಾಲೂ ಇದೆ.

ವರದಾಮೂಲ · ಶುಕ್ರವಾರ, ಬೆಳಿಗ್ಗೆ 5:40

ಹಾಗಾದರೆ ತಡೆ ಇರುವುದು ಡೀಮನ್ನಿನಲ್ಲಿ ಅಲ್ಲ, ಅದರ ಮುಂದಿರುವ ಆರ್‌ಪಿಸಿಬೈಂಡಿನಲ್ಲಿ (ಲಿನಕ್ಸಿನ ಪೋರ್ಟ್‌ಮ್ಯಾಪರ್). ಯಂತ್ರಕ್ಕೆ ಬೂಟ್‌ಪ್ಯಾರಮ್ ಸೇವೆ ಯಾವ ಪೋರ್ಟಿನಲ್ಲಿದೆ ಎಂದು ಗೊತ್ತಿಲ್ಲ. ಅದಕ್ಕೆ ಅದು ಪೋರ್ಟ್‌ಮ್ಯಾಪರನ್ನೇ ‘ನನ್ನ ಪರವಾಗಿ ನೀನೇ ಅವರನ್ನು ಕೇಳಿ ಉತ್ತರ ತಂದುಕೊಡು’ ಎಂದು ಕೋರುತ್ತದೆ. ಈಗಿನ ಲಿನಕ್ಸಿನ ಆರ್‌ಪಿಸಿಬೈಂಡ್ ಭದ್ರತೆಯ ಕಾರಣಕ್ಕೆ ಇಂಥ ಪರೋಕ್ಷ ಕರೆಗಳನ್ನು ಮುಚ್ಚಿಟ್ಟಿರಬಹುದು. ರಿಮೋಟ್ ಕಾಲ್‌ಗಳನ್ನು ತೆರೆಯುವ ಆಪ್ಷನ್ ನಿನ್ನ ಆವೃತ್ತಿಯಲ್ಲಿದೆಯೇ ಎಂದು ಅದರ ಮ್ಯಾನ್ ಪುಟದಲ್ಲಿ ನೋಡು. ಇದ್ದರೆ ಈ ಸಣ್ಣ ನೆಟ್‌ವರ್ಕಿನಲ್ಲಿ ಮಾತ್ರ ತೆರೆ, ಕಾಲೇಜಿನ ನೆಟ್‌ವರ್ಕಿಗೆ ಲ್ಯಾಪ್‌ಟಾಪ್ ಸೇರಿಸುವಾಗ ಮುಚ್ಚು. ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲೂ ನೆಟ್‌ಬಿಎಸ್‌ಡಿ ಹಾಕಿ ಅದನ್ನೇ ಸರ್ವರ್ ಮಾಡು. ಆರ್‌ಎಆರ್‌ಪಿಯಿಂದ ಎನ್‌ಎಫ್‌ಎಸ್ ತನಕ ಬೇಕಾದದ್ದೆಲ್ಲ ಅದರಲ್ಲೇ ಬರುತ್ತದೆ, ಡಿಸ್ಕ್‌ಲೆಸ್ ಎಂಬ ಹೆಸರಿನ ಮ್ಯಾನ್ ಪುಟದಲ್ಲಿ ಕ್ರಮವನ್ನೆಲ್ಲ ಬರೆದಿದ್ದಾರೆ.

ಎನ್‌ಎಫ್‌ಎಸ್‌ನಲ್ಲಿ ಯಾರಿಗೆ ಏನು ಕೊಡಬೇಕೆಂದು ಬರೆದಿಡುವ ಎಕ್ಸ್‌ಪೋರ್ಟ್ಸ್ ಫೈಲನ್ನೂ ಈಗಲೇ ನೋಡಿಬಿಡು. ಲಿನಕ್ಸಿನಲ್ಲಾದರೆ ನೋ ರೂಟ್ ಸ್ಕ್ವಾಶ್, ನೆಟ್‌ಬಿಎಸ್‌ಡಿಯಲ್ಲಾದರೆ ಮ್ಯಾಪ್‌ರೂಟ್ ಎಂಬಲ್ಲಿ ರೂಟ್ ಎಂದು ಇರಲೇಬೇಕು. ಇಲ್ಲದಿದ್ದರೆ ಯಂತ್ರದ ರೂಟ್ ಬಳಕೆದಾರ ಸರ್ವರಿನ ಕಣ್ಣಿಗೆ ನೋಬಡಿ (ವಿಶೇಷ ಹಕ್ಕಿಲ್ಲದ ಬಳಕೆದಾರ) ಆಗುತ್ತಾನೆ, ಕರ್ನಲ್ ಎದ್ದ ಮೇಲೆ ಫೈಲ್ ಬರೆಯಲು ಅನುಮತಿ ಇಲ್ಲ ಎಂಬ ದೂರು ಸಾಲುಸಾಲಾಗಿ ಬರುತ್ತದೆ.

ಮಳೆಬಿಲ್ಲು · ಶನಿವಾರ, ರಾತ್ರಿ 8:35

ನೆಟ್‌ಬಿಎಸ್‌ಡಿಯನ್ನೇ ಸರ್ವರ್ ಮಾಡಿದೆ ಸರ್. ಬೂಟ್‌ಪ್ಯಾರಮ್ಸ್‌ಗೆ ತಕ್ಷಣ ಉತ್ತರ ಬಂತು, ರೂಟ್ ಮೌಂಟ್ ಆಯಿತು, ಲಾಗಿನ್ ಪ್ರಾಂಪ್ಟ್ ಬಂದಿದೆ! ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಇಲ್ಲದೆ ಸ್ವಲ್ಪ ತಿಣುಕುತ್ತಿದೆ. ಎನ್‌ಎಫ್‌ಎಸ್ ಮೇಲೆ ಸ್ವಾಪ್ ಫೈಲ್ ಮಾಡುವ ಬಗ್ಗೆ ಬೇರೆ ಥ್ರೆಡ್ ತೆರೆದು ಕೇಳುತ್ತೇನೆ, ನೀವೂ ಬನ್ನಿ.